ಹುಂಜ ಕೂಗದ ಬೆಳಿಗ್ಗೆ

ಹಾಸನ ಜಿಲ್ಲೆಯ ಒಂದು ಹಳ್ಳಿ. ಹಾಲಿನ ಡೈರಿ ಮುಂದಿನ ಜಗಲಿ. ಸಂಜೆ ಹಾಲು ಹಾಕಲು ಬಂದ ಹೆಂಗಸರು, ಅವರ ಸೆರಗು ಹಿಡಿದು ಬಂದ ಮಕ್ಕಳು, ಸುಮ್ನೆ ನಿಂತು ಕೇಳಿದ ನಾಲ್ಕೈದು ಗಂಡಸರು. ಪಶುವೈದ್ಯನಾದ ನಾನು ಅಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಸುವಿನ ಬಗ್ಗೆ ಮಾತಾಡಿ ಅಂತ ಕರೆದಿದ್ದರು. ಬೇಡ, ಕೋಳಿ ಬಗ್ಗೆ ಮಾತಾಡುತ್ತೇನೆ ಅಂದೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ನನಗೆ ಐದು ಸಲ ಫೋನ್ ಮಾಡುತ್ತೀರಿ. ಕೋಳಿ ಸತ್ತರೆ ತಿಪ್ಪೆಗೆ ಎಸೆದು, ವಾರ ಬಿಟ್ಟು ಡೈರಿಯಲ್ಲಿ ಸಿಕ್ಕಾಗ ನೆನಪಾದರೆ ಹೇಳುತ್ತೀರಿ. ಹುಂಜ ಆದರೆ ಸ್ವಲ್ಪ ಬೇರೆ. ಹುಂಜಕ್ಕೆ ಬೆಲೆ ಜಾಸ್ತಿ, ಹರಕೆಗೆ ಬಿಟ್ಟಿರುತ್ತೀರಿ, ವರ್ಷತೊಡಕಿಗೆ ಅಂತ ಇಟ್ಟಿರುತ್ತೀರಿ. ಅದಕ್ಕೇ ಹುಂಜ ಮಲಗಿದರೆ ಮಾತ್ರ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತದೆ. ಇಪ್ಪತ್ತು ವರ್ಷದಿಂದ ಆ ಫೋನಿನ ಮೊದಲ ಸಾಲು ಒಂದೇ. "ಡಾಕ್ಟ್ರೇ, ನಿನ್ನೆ ಸಾಯಂಕಾಲ ಚೆನ್ನಾಗೇ ಇತ್ತು."

ಈ ಸಾಲಿನ ಮೇಲೇ ನನಗೆ ಅನುಮಾನ. ನಿನ್ನೆ ಸಂಜೆ ಅದು ಚೆನ್ನಾಗಿತ್ತೋ, ಅಥವಾ ನಾವು ನೋಡಲಿಲ್ಲವೋ?

ಕೋಳಿ ಅನ್ನುವುದು ಕಾಯಿಲೆ ಮುಚ್ಚಿಡುವ ಜಾತಿ. ಗುಂಪಿನಲ್ಲಿ ಸೊರಗಿದ ಕೋಳಿಯನ್ನು ಉಳಿದವು ಕುಕ್ಕಿ ಓಡಿಸುತ್ತವೆ, ಮೇಲಿಂದ ಹದ್ದು ನೋಡುತ್ತಿರುತ್ತದೆ. ಹುಂಜಕ್ಕಂತೂ ಯಜಮಾನಿಕೆ ಬೇರೆ. ಮೈಯಲ್ಲಿ ಆಗದಿದ್ದರೂ ಎದೆ ಉಬ್ಬಿಸಿಕೊಂಡೇ ಓಡಾಡುತ್ತದೆ. ಮೇವು ಹಾಕಿದಾಗ ಎಲ್ಲರ ಜೊತೆ ಓಡಿ ಬರುತ್ತದೆ, ನೆಲಕ್ಕೆ ಟಕ್ ಟಕ್ ಅಂತ ಕೊಕ್ಕು ಬಡಿಯುತ್ತದೆ. ಬಗ್ಗಿ ನೋಡಿ, ಕಾಳು ಅಲ್ಲೇ ಬಿದ್ದಿರುತ್ತದೆ. ತಿಂದ ಹಾಗೆ ನಟನೆ, ಅಷ್ಟೇ. ಹೇಂಟೆ ಆದರೆ ಮೊಟ್ಟೆ ನಿಲ್ಲಿಸುತ್ತದೆ, ನಿಮಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ, ಮೊಟ್ಟೆ ಲೆಕ್ಕ ನಿಮ್ಮ ಬಾಯಲ್ಲೇ ಇರುತ್ತದಲ್ಲ. ಹುಂಜದಲ್ಲಿ ನಮಗೆ ಸಿಗುವ ಲೆಕ್ಕ ಒಂದೇ, ಕೂಗು. ಹುಂಜ ಕೂಗುವುದು ಬರೀ ಬೆಳಕು ನೋಡಿ ಅಲ್ಲ, ಅದರ ಮೈಯೊಳಗೇ ಒಂದು ಗಡಿಯಾರ ಇದೆ ಅಂತ ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. 2015ರಲ್ಲಿ ಅವರೇ ಇನ್ನೊಂದು ಕಂಡುಕೊಂಡರು. ಗುಂಪಿನ ಯಜಮಾನ ಹುಂಜ ಮೊದಲು ಕೂಗುತ್ತದೆ, ಕೆಳಗಿನವು ತಮ್ಮ ಸರದಿಗೆ ಕಾಯುತ್ತವೆ. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು ಅನ್ನಿ. ನಾನು ಹೇಳುವುದು ಇಷ್ಟು, ದಿನಾ ಮೊದಲು ಕೂಗುವ ಹುಂಜ ಇವತ್ತು ಎರಡನೆಯದಾಗಿ ಕೂಗಿದರೆ, ಅಥವಾ ಅರ್ಧಕ್ಕೇ ನಿಲ್ಲಿಸಿದರೆ, ಹಾಸಿಗೆಯಿಂದ ಎದ್ದು ಹೋಗಿ ನೋಡಿ.

ಇನ್ನೊಂದು ಅಭ್ಯಾಸ ಹೇಳಿಕೊಡುತ್ತೇನೆ, ದುಡ್ಡು ಖರ್ಚಿಲ್ಲ. ಸಂಜೆ ಕೋಳಿ ಕವುಚುವಾಗ ಹುಂಜವನ್ನು ಎತ್ತಿಕೊಳ್ಳಿ. ಕತ್ತಿನ ಬುಡದಲ್ಲಿ, ಎದೆಯ ಮೇಲೆ, ಸ್ವಲ್ಪ ಬಲಕ್ಕೆ, ಕಾಳಿನ ಚೀಲ ಇರುತ್ತದೆ. ಕೋಳಿ ಕೊಯ್ದಾಗ ನೀವೇ ನೋಡಿರುತ್ತೀರಿ, ತೆಳ್ಳಗಿನ ಚೀಲ, ಒಳಗೆ ತಿಂದ ರಾಗಿ, ಹುಳ, ಹುಲ್ಲು ಹಾಗೇ ಇರುತ್ತದೆ. ಸಂಜೆ ಅದು ತುಂಬಿರಬೇಕು. ಮುಟ್ಟಿದರೆ ಬಟ್ಟೆಯಲ್ಲಿ ಕಾಳು ಗಂಟು ಕಟ್ಟಿದ ಹಾಗೆ ಜರುಗಬೇಕು. ಬೆಳಿಗ್ಗೆ ಬಿಡುವ ಹೊತ್ತಿಗೆ ಖಾಲಿಯಾಗಿರಬೇಕು. ಸಂಜೆಯೇ ಖಾಲಿ ಇದ್ದರೆ ಇಡೀ ದಿನ ಅದು ತಿಂದಿಲ್ಲ ಅಂತ ಅರ್ಥ, ನಿಮ್ಮ ಕಣ್ಣೆದುರೇ ಓಡಾಡಿಕೊಂಡಿದ್ದರೂ ಸರಿ. ಬೆಳಿಗ್ಗೆಯೂ ಕಲ್ಲಿನ ಹಾಗೆ ಗಟ್ಟಿಯಾಗಿ ತುಂಬಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ, ಉದ್ದ ಹುಲ್ಲು, ದಾರ, ಪ್ಲಾಸ್ಟಿಕ್ ಚೂರು, ಇಂಥದ್ದು. ನೀರು ತುಂಬಿದ ಬಲೂನಿನ ಹಾಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗಿನದು ಹುಳಿತುಹೋಗಿದೆ. ಎತ್ತಿಕೊಂಡಾಗ ಎದೆಮೂಳೆಯನ್ನೂ ಬೆರಳಲ್ಲಿ ಸವರಿ. ಕತ್ತಿಯ ಅಲಗಿನ ಹಾಗೆ ಚೂಪಾಗಿ ಸಿಕ್ಕಿದರೆ ಈ ಕಾಯಿಲೆ ನಿನ್ನೆಯದಲ್ಲ, ವಾರಗಟ್ಟಲೆ ಹಳೆಯದು. ಆಗ "ನಿನ್ನೆ ಚೆನ್ನಾಗೇ ಇತ್ತು" ಅನ್ನಬೇಡಿ ನನಗೆ.

ಸರಿ, ಹುಂಜ ಮಲಗಿಬಿಟ್ಟಿದೆ. ಗರಿ ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ, ಮೂಲೆಯಲ್ಲಿ ತೂಕಡಿಸುತ್ತಿದೆ. ಮೊದಲು ಏನು ಮಾಡುತ್ತೀರಿ?

"ಬೆಳ್ಳುಳ್ಳಿ ಅರಿಶಿನ ಅರೆದು ಬಾಯಿಗೆ ಹಾಕ್ತೀವಿ" ಅಂದರು ಒಬ್ಬರು.

ಗೊತ್ತು ಅಕ್ಕಾ. ನಮ್ಮಮ್ಮನೂ ಅದನ್ನೇ ಮಾಡುತ್ತಿದ್ದರು. ಬೆಳ್ಳುಳ್ಳಿಯಿಂದ ಕೋಳಿ ಸಾಯುವುದಿಲ್ಲ. ಆದರೆ ಅದನ್ನು ನೀರಲ್ಲಿ ಕದಡಿ ಬಾಯಿ ಅಗಲಿಸಿ ಸುರಿಯುತ್ತೀರಲ್ಲ, ಅದರಿಂದ ಸಾಯುತ್ತದೆ. ಒಂದು ಸಲ ಆರೋಗ್ಯವಾಗಿರುವ ಕೋಳಿಯ ಕೊಕ್ಕು ತೆಗೆದು ನೋಡಿ. ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು, ತೆರೆದು ಮುಚ್ಚಿ ತೆರೆದು ಮುಚ್ಚಿ ಆಡುತ್ತಿರುತ್ತದೆ. ಅದು ಉಸಿರಿನ ದಾರಿ. ನಮ್ಮ ಹಾಗೆ ಗಂಟಲ ಆಳದಲ್ಲಿಲ್ಲ, ಬಾಯಿಯಲ್ಲೇ ಇದೆ. ಸುಸ್ತಾದ ಕೋಳಿಗೆ ನೀರು ಸುರಿದರೆ ನೇರ ಅದರೊಳಗೇ ಹೋಗುತ್ತದೆ. ಕುಡಿಸಲೇಬೇಕು ಅಂದರೆ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿ, ಅದೇ ಚಪ್ಪರಿಸಿ ನುಂಗಲಿ.

ಮೊದಲು ಮಾಡಬೇಕಾದ್ದು ಬೇರೆ ಇಡುವುದು. ಮಂಕರಿ ಕವುಚಿ ಹಾಕಿ, ಗಾಳಿ ಆಡುವ ನೆರಳಿನ ಜಾಗದಲ್ಲಿ, ಬೇರೆ ಕೋಳಿ ಹತ್ತಿರ ಸುಳಿಯದ ಕಡೆ. ಅಡುಗೆಮನೆಯಲ್ಲಿ ಒಲೆ ಪಕ್ಕ ಬೇಡ. ಕೆಳಗೆ ಹಳೆ ಪೇಪರ್ ಹಾಸಿ, ಹಿಕ್ಕೆ ಯಾವ ಬಣ್ಣ, ನೀರೋ ಗಟ್ಟಿಯೋ, ರಕ್ತ ಇದೆಯೋ ಕಾಣಿಸಲಿ. ಪಾತ್ರೆಯಲ್ಲಿ ನೀರಿಡಿ. ಮೊದಲು ಚೆನ್ನಾಗಿರುವ ಕೋಳಿಗಳಿಗೆ ಮೇವು ಹಾಕಿ, ಆಮೇಲೆ ಇದರ ಹತ್ತಿರ ಹೋಗಿ. ಉಲ್ಟಾ ಮಾಡಿದರೆ ರೋಗವನ್ನು ನಿಮ್ಮ ಕೈಯಲ್ಲೇ, ಚಪ್ಪಲಿಯಲ್ಲೇ ಹೊತ್ತುಕೊಂಡು ಹೋಗಿ ಎಲ್ಲಕ್ಕೂ ಬಡಿಸಿದ ಹಾಗಾಗುತ್ತದೆ. ಸೋಪು ಹಾಕಿ ಕೈ ತೊಳೆಯಿರಿ, ಕಣ್ಣು ಉಜ್ಜಿಕೊಳ್ಳಬೇಡಿ. ಕೋಳಿಯ ಕೊಕ್ಕರೆ ರೋಗ ಅನ್ನುವ ಅಂಟುರೋಗದಿಂದ ಮನುಷ್ಯರಿಗೂ ಕಣ್ಣು ಕೆಂಪಾಗಿ ನೀರು ಸುರಿಯುವುದುಂಟು.

ಔಷಧ ಆಮೇಲೆ. ಅದಕ್ಕೆ ಮುಂಚೆ ಒಂದು ಕತೆ ಹೇಳಬೇಕು, ನನ್ನದೇ ಮೂರ್ಖತನದ ಕತೆ.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಅಜ್ಜಿ ಹೇಳಿಕಳಿಸಿದರು, ಹುಂಜ ಬಿದ್ದಿದೆ ಅಂತ. ಹೋಗಿ ನೋಡಿದೆ. ಕಾಲು ಎಳೆಯುತ್ತಿದೆ, ಕತ್ತು ಹಿಂದಕ್ಕೆ ವಾಲುತ್ತಿದೆ, ಬಾಯಿ ತೆರೆದು ಉಸಿರಾಡುತ್ತಿದೆ, ಹಿಕ್ಕೆ ನೀರು ನೀರು, ಹಸಿರು. ಪುಸ್ತಕದಲ್ಲಿ ಓದಿದ್ದು ಎದುರಿಗೇ ಕೂತಿದೆ ಅನ್ನಿಸಿತು. ಬೈಕಿನಿಂದ ಪೂರ್ತಿ ಇಳಿಯುವ ಮೊದಲೇ ಹೇಳಿಬಿಟ್ಟೆ, "ಅಜ್ಜಿ, ಇದು ಕೊಕ್ಕರೆ ರೋಗ, ಇದಕ್ಕೆ ಔಷಧ ಇಲ್ಲ." ಅಜ್ಜಿ ಕೇಳಿದರು, "ಲಸಿಕೆ ಹಾಕ್ಸಿದ್ದೆನಲ್ಲಪ್ಪ?" ಒಂದೊಂದು ಸಲ ಹಿಡಿಯಲ್ಲ ಅಜ್ಜಿ ಅಂದೆ. ಒಂದು ವಿಟಮಿನ್ ಇಂಜೆಕ್ಷನ್ ಚುಚ್ಚಿ ಬಂದೆ. ಸಂಜೆ ಹೊತ್ತಿಗೆ ಎರಡು ಹೇಂಟೆ ಬಿದ್ದವು. ರಾತ್ರಿ ಹುಂಜ ಸತ್ತಿತು. ಬೆಳಿಗ್ಗೆ ನಾನು ಆಸ್ಪತ್ರೆ ಬಾಗಿಲು ತೆಗೆಯುವಾಗ ಅಜ್ಜಿ ಗೊಬ್ಬರದ ಚೀಲದಲ್ಲಿ ಹುಂಜ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ಕೊಯ್ದು ನೋಡು" ಅಂದರು. ನೀವು ಅಂತಲೂ ಅನ್ನಲಿಲ್ಲ ಆ ದಿನ.

ಕೊಯ್ದೆ. ಕಾಳಿನ ಚೀಲ ಸೀಳಿದರೆ ಒಂದಿಷ್ಟು ರಾಗಿ, ಗರಿಕೆ ಎಳೆ, ಅರ್ಧ ಗೆದ್ದಲು, ಅದರ ನಡುವೆ ನೇರಳೆ ಬಣ್ಣದ ಸಣ್ಣ ಹರಳು. ದಪ್ಪ ಮರಳಿನ ಹಾಗೆ. ಒಂದೆರಡಲ್ಲ, ಬೆರಳ ತುದಿಗೆ ಅಂಟುವಷ್ಟು. ನನಗೆ ಕೂಡಲೇ ಹೊಳೆಯಲಿಲ್ಲ, ಅಜ್ಜಿಗೆ ಹೊಳೆಯಿತು. "ಇದು ಪಕ್ಕದ ತೋಟದ ಬಾಳೆ ಗುಳಿಗೆ." ಕಾರ್ಬೋಫುರಾನ್. ಬಾಳೆ ಬುಡಕ್ಕೆ ಹುಳಕ್ಕೆ ಅಂತ ಹಾಕುವ ಔಷಧ. ಕೋಳಿಗೆ ಹಲ್ಲಿಲ್ಲ ಅಲ್ವಾ, ತಿಂದದ್ದನ್ನು ಹೊಟ್ಟೆಯೊಳಗೆ ಅರೆಯಲು ಮರಳು, ಸಣ್ಣ ಕಲ್ಲು ಹುಡುಕಿ ನುಂಗುತ್ತದೆ. ಗುಳಿಗೆ ಅದರ ಕಣ್ಣಿಗೆ ಒಳ್ಳೆ ಮರಳಿನ ಹಾಗೇ ಕಂಡಿದೆ. ಹುಂಜ ಮೊದಲು ಬಿದ್ದದ್ದಕ್ಕೂ ಕಾರಣ ಇದೆ. ಹೊಸ ಜಾಗಕ್ಕೆ ಮುಂದೆ ನುಗ್ಗುವುದು ಅದೇ, ಕೆದಕಿ ಹೇಂಟೆಗಳನ್ನು ಲೊಕ್ ಲೊಕ್ ಅಂತ ಕರೆಯುವುದೂ ಅದೇ.

ಈ ವಿಷಕ್ಕೆ ಮದ್ದು ಇತ್ತು. ಅಟ್ರೋಪಿನ್ ನನ್ನ ಪೆಟ್ಟಿಗೆಯಲ್ಲೇ ಇತ್ತು. ಹುಂಜದ ಬಾಯಿಂದ ಎಳೆ ಎಳೆ ಜೊಲ್ಲು ಸುರಿಯುತ್ತಿದ್ದದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿದ್ದದ್ದು ನಾನು ನೋಡಿರಲಿಲ್ಲ. ನೋಡಿದ್ದರೆ ಹುಂಜ ಉಳಿಯುತ್ತಿತ್ತೋ ಇಲ್ಲವೋ, ಆಮೇಲೆ ಬಿದ್ದ ಹೇಂಟೆಗಳು ಉಳಿಯಬಹುದಿತ್ತು. ಒಟ್ಟು ನಾಲ್ಕು ಹೋದವು. ಅವತ್ತಿನಿಂದ ನಾನು ಬೈಕು ಸ್ಟ್ಯಾಂಡ್ ಹಾಕಿ, ನೀರು ಕುಡಿದು, ಆಮೇಲೆ ಬಾಯಿ ತೆಗೆಯುವುದು.

ಅದಕ್ಕೇ ನಾನು ಜಾಸ್ತಿ ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕಳೆದ ಹತ್ತು ಹದಿನೈದು ದಿನದಲ್ಲಿ ಸಂತೆಯಿಂದ ಕೋಳಿ ತಂದಿರಾ? ಅಳಿಯನ ಮನೆಯವರು ಹುಂಜ ಕಳಿಸಿದರಾ? ಕೋಳಿ ಕಾಳಗದ ಅಂಕಕ್ಕೆ ಅಂತ ಯಾರಾದರೂ ಎತ್ತಿಕೊಂಡು ಹೋಗಿ ವಾಪಸ್ ತಂದು ಬಿಟ್ಟರಾ? (ಇದಕ್ಕೆ ಯಾರೂ ಉತ್ತರ ಹೇಳುವುದಿಲ್ಲ, ಎಲ್ಲರೂ ಆಕಾಶ ನೋಡುತ್ತಾರೆ.) ಅಕ್ಕಪಕ್ಕದ ಹೊಲಕ್ಕೆ ಔಷಧ ಹೊಡೆದರಾ, ಇಲಿ ಪಾಷಾಣ ಇಟ್ಟರಾ, ಬಣ್ಣ ಹಚ್ಚಿದ ಬಿತ್ತನೆ ಬೀಜ ಉಳಿದದ್ದನ್ನು ಎಲ್ಲಿ ಸುರಿದಿರಿ? ಬೇರೆಯವರ ಕೋಳಿ ಹೇಗಿದೆ? ಒಂದೇ ಬಿದ್ದಿದೆಯೋ, ದಿನಕ್ಕೊಂದರಂತೆ ಬೀಳುತ್ತಿದೆಯೋ, ಒಂದೇ ಮಧ್ಯಾಹ್ನ ಆರು ಬಿದ್ದವೋ? ಈ ಕೊನೆಯದು ಬಹಳ ಮುಖ್ಯ. ಒಂದೇ ಹೊತ್ತಿಗೆ ಸಾಲಾಗಿ ಬಿದ್ದರೆ ನಾನು ಮೊದಲು ವಿಷ ಹುಡುಕುತ್ತೇನೆ. ಒಂದು, ಆಮೇಲೆ ಎರಡು, ಆಮೇಲೆ ಐದು, ಹೀಗೆ ಏರುತ್ತಾ ಹೋದರೆ ಅಂಟುರೋಗ. ಒಂದೇ ಹುಂಜ, ಬೇರೆ ಯಾವುದಕ್ಕೂ ಏನಿಲ್ಲ ಅಂದರೆ ಗಾಯ, ಕಾಳಿನ ಚೀಲ, ಜಂತು, ವಯಸ್ಸು, ಇಂಥದ್ದು.

ಈಗ ಕೊಕ್ಕರೆ ರೋಗಕ್ಕೆ ಬರೋಣ, ನಾನು ತಪ್ಪಾಗಿ ಹೇಳಿದ ಅದೇ ರೋಗ. ನಮ್ಮ ಹಿತ್ತಲ ಕೋಳಿಗಳನ್ನು ಊರಿಗೆ ಊರೇ ಗುಡಿಸಿಕೊಂಡು ಹೋಗುವುದು ಇದೇ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲೂ ಕಾಣಿಸಿಕೊಂಡಿತು. ಅದಕ್ಕೇ ಇಂಗ್ಲಿಷಿನವರು ಆ ಊರಿನ ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ದೇಶದಲ್ಲಿ ಈಗಿನ ಉತ್ತರಾಖಂಡದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ರಾಣಿಖೇತ್ ಅಂತಾಯಿತು. ಪಾಪ, ರಾಣಿಖೇತ ಬಹಳ ಚೆಂದದ ಗುಡ್ಡದ ಊರು, ನಮ್ಮಲ್ಲಿ ಅದರ ಹೆಸರು ಎತ್ತಿದರೆ ಕೋಳಿ ಸಾಕುವವರು ಶಾಪ ಹಾಕುತ್ತಾರೆ. ತಮಾಷೆ ಅಂದರೆ ಅದೇ ಕುಮಾವು ಗುಡ್ಡಗಳ ಮುಕ್ತೇಶ್ವರದ ಪಶು ಸಂಶೋಧನಾ ಸಂಸ್ಥೆಯಲ್ಲೇ 1940ರ ದಶಕದಲ್ಲಿ ಇದಕ್ಕೆ ಲಸಿಕೆಯೂ ಬಂತು. ನಾವು ಆರ್2ಬಿ ಅಂತ ರೆಕ್ಕೆ ಕೆಳಗೆ ಚುಚ್ಚುವುದು ಅದನ್ನೇ.

ಇದು ಬಂದ ಕೋಳಿ ಹೇಗಿರುತ್ತದೆ? ಮೊದಲು ಮಂಕು. ಬಾಯಿ ತೆರೆದು ಕತ್ತು ಚಾಚಿ ಉಸಿರು ಎಳೆಯುತ್ತದೆ, ಗೊರ್ ಅಂತ ಸದ್ದು. ಹಸಿರು ಬಿಳಿ ಕಲೆಸಿದ ಹಿಕ್ಕೆ. ಇಲ್ಲಿ ಒಂದು ಮಾತು, ಬರೀ ಹಸಿರು ಹಿಕ್ಕೆ ನೋಡಿ ಹೆದರಬೇಡಿ, ಎರಡು ದಿನ ತಿನ್ನದ ಯಾವ ಕೋಳಿಯೂ ಹಸಿರು ಹಾಕುತ್ತದೆ, ಹೊಟ್ಟೆಯಲ್ಲಿ ಏನೂ ಇಲ್ಲದೆ ಪಿತ್ತ ಒಂದೇ ಬರುವುದರಿಂದ. ಮೂರ್ನಾಲ್ಕು ದಿನ ಉಳಿದರೆ ಕತ್ತು ತಿರುಚಿಕೊಳ್ಳುತ್ತದೆ, ಆಕಾಶ ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಕಾಳು ಕುಕ್ಕಲು ಹೋಗಿ ಪಕ್ಕದ ನೆಲ ಕುಕ್ಕುತ್ತದೆ. ಲಸಿಕೆ ಇಲ್ಲದ ಗುಂಪಿನಲ್ಲಿ ಹತ್ತರಲ್ಲಿ ಎಂಟೊಂಬತ್ತು ಹೋದದ್ದನ್ನು ನಾನೇ ನೋಡಿದ್ದೇನೆ. ಇದು ವೈರಸ್, ಬಂದ ಮೇಲೆ ಮದ್ದಿಲ್ಲ. ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಮಾತ್ರೆ ಪುಡಿ ಮಾಡಿ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಯುಗಾದಿ ಹತ್ತಿರ ಬಂದಾಗ ನನಗೆ ಎದೆ ಡವಡವ. ವರ್ಷತೊಡಕಿಗೆ ಸಂತೆಯಿಂದ ಸಂತೆಗೆ ಹುಂಜಗಳು ಓಡಾಡುತ್ತವೆ, ಒಂದೇ ಬುಟ್ಟಿಯಲ್ಲಿ ನಾಲ್ಕೂರಿನ ಕೋಳಿ. ಕಾಯಿಲೆ ಮೈಯಲ್ಲಿ ಸೇರಿದ ಮೇಲೆ ಹೊರಗೆ ಕಾಣಲು ಎರಡು ದಿನದಿಂದ ಎರಡು ವಾರದವರೆಗೂ ಆಗಬಹುದು. ಅಂದರೆ ಸಂತೆಯಲ್ಲಿ ಜುಟ್ಟು ಕೆಂಪಗೆ ಮಿರಮಿರ ಮಿಂಚುತ್ತಿದ್ದ ಹುಂಜವೇ ಮನೆಗೆ ಬಂದು ಮೂರನೇ ದಿನ ಮಲಗುತ್ತದೆ. ಮಾರಿದವನು ಮೋಸ ಮಾಡಿದ ಅಂತ ಬೈಯುತ್ತೀರಿ, ಅವನಿಗೂ ಗೊತ್ತಿರುವುದಿಲ್ಲ. ಹೊಸ ಕೋಳಿ ತಂದರೆ ಎರಡು ವಾರ ಬೇರೆ ಕಟ್ಟಿ. ಅತ್ತೆ ಮನೆಯಿಂದ ಬಂದದ್ದಾದರೂ ಸರಿ.

ಉಳಿದ ರೋಗಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ, ಹಾಲಿನ ವ್ಯಾನ್ ಬರುವ ಹೊತ್ತಾಯಿತು.

ರಾತ್ರಿ ಚೆನ್ನಾಗಿ ಮಲಗಿದ ದಪ್ಪ ಹುಂಜ ಬೆಳಿಗ್ಗೆ ಕೂತಲ್ಲೇ ಸತ್ತಿದೆ, ಜುಟ್ಟು ಕಪ್ಪುನೇರಳೆ, ಇಂಥದ್ದರಲ್ಲಿ ಕೋಳಿ ಕಾಲರಾ ಇರಬಹುದು. ಬದುಕಿದವಕ್ಕೆ ಗದ್ದದ ಜೋಲು ಊದಿಕೊಂಡಿರುತ್ತದೆ. ಇದು ಬ್ಯಾಕ್ಟೀರಿಯಾ, ಇದಕ್ಕೆ ಮದ್ದು ನಾಟುತ್ತದೆ, ಯಾವುದು ಎಷ್ಟು ಅಂತ ಡಾಕ್ಟರು ಹೇಳಬೇಕು. ಲೂಯಿ ಪಾಶ್ಚರ್ ಅವರು 1879ರ ಸುಮಾರಿಗೆ ಲಸಿಕೆ ಮಾಡುವ ದಾರಿ ಕಂಡುಕೊಂಡದ್ದು ಈ ಕೋಳಿ ಕಾಲರಾದಿಂದಲೇ. ಎಳೆ ಹುಂಜ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಮಲಗಿದರೆ ಮಾರೆಕ್ಸ್ ರೋಗ. ಹಂಗೇರಿಯ ಯೋಜೆಫ್ ಮಾರೆಕ್ ಅನ್ನುವ ಪಶುವೈದ್ಯರು 1907ರಲ್ಲಿ ನಾಲ್ಕು ಹುಂಜಗಳಲ್ಲಿ ನೋಡಿ ಬರೆದದ್ದು. ಅದರ ಲಸಿಕೆ ಮರಿ ಹುಟ್ಟಿದ ದಿನವೇ ಹ್ಯಾಚರಿಯಲ್ಲಿ ಹಾಕುತ್ತಾರೆ, ನಿಮ್ಮ ಮನೆಯಲ್ಲಿ ಕಾವು ಕೂತು ಹುಟ್ಟಿದ ಮರಿಗೆ ಯಾರೂ ಹಾಕಿರುವುದಿಲ್ಲ. ಕತ್ತು ತಿರುಚಿಲ್ಲ, ಆದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ, ಎಳೆದರೆ ಗರಿ ಕೈಗೆ ಬರುತ್ತದೆ, ಆಗ ಎಲ್ಲಾದರೂ ಕೊಳೆತ ಹೆಣ ಇದೆಯಾ ಹುಡುಕಿ. ಸತ್ತ ಇಲಿ, ಬೆಕ್ಕು, ನೀವೇ ತಿಪ್ಪೆಗೆ ಎಸೆದ ಹಿಂದಿನ ವಾರದ ಕೋಳಿ. ಅದರಲ್ಲಿ ಎದ್ದ ಹುಳದಲ್ಲಿ ವಿಷ ತುಂಬಿರುತ್ತದೆ, ಕೋಳಿಗೆ ಅದು ಹಬ್ಬದೂಟ. ಏಪ್ರಿಲ್ ಬಿಸಿಲಲ್ಲಿ ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿದ್ದರೆ ಮೊದಲು ನೆರಳು, ಆಮೇಲೆ ಕಾಲು ಮುಳುಗುವಷ್ಟು ತಣ್ಣೀರು. ಸಿಡುಬಿನ ಗುಳ್ಳೆ, ಎಳೆ ಮರಿಗಳ ರಕ್ತಭೇದಿ ನಿಮಗೆ ಗೊತ್ತಿರುವಂಥದ್ದೇ, ಬಿಡಿ.

ಎಲ್ಲಕ್ಕೂ ರೋಗಾಣುವೇ ಕಾರಣ ಅಂತಲೂ ಅಲ್ಲ. 1890ರ ಆಸುಪಾಸು ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಅನ್ನುವ ಡಚ್ ಡಾಕ್ಟರು ಇದ್ದರು. ಅಲ್ಲಿ ಸೈನಿಕರಿಗೆ, ಕೈದಿಗಳಿಗೆ ಬೆರಿಬೆರಿ ಅನ್ನುವ ಕಾಯಿಲೆ, ಕಾಲು ಸತ್ವ ಕಳೆದುಕೊಂಡು ಬೀಳುತ್ತಿದ್ದರು. ಇವರು ಅದರ ರೋಗಾಣು ಹುಡುಕುತ್ತಿದ್ದರು. ಇದ್ದಕ್ಕಿದ್ದ ಹಾಗೆ ಪ್ರಯೋಗಾಲಯದ ಕೋಳಿಗಳು ಕಾಲು ಸ್ವಾಧೀನ ಇಲ್ಲದೆ ಬೀಳತೊಡಗಿದವು. ಎಲ್ಲರೂ ಅಂಟುರೋಗ ಅಂದುಕೊಂಡರು. ಕೆಲವು ತಿಂಗಳಾದ ಮೇಲೆ, ಬಂದ ಹಾಗೇ ಕಾಯಿಲೆ ಹೊರಟುಹೋಯಿತು. ವಿಚಾರಿಸಿದರೆ ಏನು? ಅಷ್ಟು ದಿನ ಕೋಳಿಗಳಿಗೆ ಸೈನ್ಯದ ಆಸ್ಪತ್ರೆ ಅಡುಗೆಮನೆಯ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅಕ್ಕಿ ಸೈನ್ಯಕ್ಕೆ ಸೇರದ ಕೋಳಿಗೆ ಯಾಕೆ ಅಂತ ನಿಲ್ಲಿಸಿದ. ಕೋಳಿಗಳು ತೌಡು ಹೋಗದ ಅಕ್ಕಿ ತಿಂದು ಎದ್ದು ಓಡಾಡಿದವು. ಬಿ1 ವಿಟಮಿನ್ನಿನ ಕತೆ ಶುರುವಾದದ್ದು ಅಲ್ಲಿಂದ. 1929ರಲ್ಲಿ ಅವರಿಗೆ ನೊಬೆಲ್ ಬಂತು. ಆ ಅಡುಗೆಯವನಿಗೆ ಏನು ಕೊಟ್ಟರೋ!

ನಗಬೇಡಿ, ನಮ್ಮಲ್ಲೂ ಇದೆ. ಕಾಲು ಮುರಿದ ಹುಂಜವನ್ನು ತಿಂಗಳುಗಟ್ಟಲೆ ಗೂಡಲ್ಲೇ ಕೂಡಿಹಾಕಿ ಬರೀ ಬಿಳಿ ಅನ್ನ ಹಾಕಿದ ಮನೆಗೆ ಹೋಗಿದ್ದೇನೆ. ಹುಂಜ ತಲೆ ಹಿಂದಕ್ಕೆ ಮಡಚಿ ನಕ್ಷತ್ರ ಎಣಿಸುವ ಹಾಗೆ ಕೂತಿತ್ತು. ಕೊಕ್ಕರೆ ರೋಗ ಅಂತ ಅವರೇ ತೀರ್ಮಾನ ಮಾಡಿದ್ದರು. ಬಿ1 ಚುಚ್ಚಿ, ತೌಡು ರಾಗಿ ಹಾಕಿ ಅಂದೆ. ಮಾರನೇ ದಿನವೇ ತಲೆ ನೆಟ್ಟಗಾಯಿತು. ಆ ಮನೆಯವರು ಈಗಲೂ ನನ್ನನ್ನು ದೊಡ್ಡ ಡಾಕ್ಟರು ಅಂದುಕೊಂಡಿದ್ದಾರೆ.

ಇನ್ನು ಹಕ್ಕಿಜ್ವರ. ಎಲ್ಲರೂ ಪಿಸುಮಾತಿನಲ್ಲಿ ಕೇಳುವುದು ಇದನ್ನೇ. ನಮ್ಮ ದೇಶಕ್ಕೆ ಅದರ ವೈರಸ್ ಎಚ್5ಎನ್1 ಮೊದಲು ಬಂದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರಕ್ಕೆ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ಕಡೆ ಕಾಣಿಸಿತು. ಒಂದೆರಡು ದಿನದಲ್ಲಿ ರಾಶಿ ರಾಶಿ ಸತ್ತರೆ, ಮುಖ ಊದಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ, ಕಾಲಿನ ಚರ್ಮದ ಮೇಲೆ ರಕ್ತ ಕಟ್ಟಿದ ಹಾಗೆ ಕೆಂಪು ಕಂಡರೆ, ಕೊಯ್ಯಲು ಹೋಗಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಇದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಅಂತ ಕಣ್ಣಲ್ಲಿ ನೋಡಿ ನನಗೂ ಹೇಳಲು ಬರುವುದಿಲ್ಲ, ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಖಚಿತವಾಗಬೇಕು.

"ಹೇಳಿದ್ರೆ ಬಂದು ಎಲ್ಲಾ ಕೋಳಿನೂ ಸಾಯಿಸಿಬಿಡ್ತಾರಂತಲ್ಲ ಡಾಕ್ಟ್ರೇ?"

ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನ ಕೋಳಿ ತೆಗೆಯುತ್ತಾರೆ, ಹೌದು. ಅದಕ್ಕೆ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಹೇಳದೆ ಮುಚ್ಚಿಟ್ಟರೂ ಆ ಕೋಳಿ ಉಳಿಯುವುದಿಲ್ಲ ಅಮ್ಮಾ, ಅದರ ಜೊತೆ ನಿಮ್ಮ ಮೊಮ್ಮಗು ಅದೇ ಅಂಗಳದಲ್ಲಿ ಅಂಬೆಗಾಲಿಡುತ್ತಿರುತ್ತದೆ.

ಒಂದು ಮಾತು ನಿಷ್ಠುರವಾಗಿ ಹೇಳಬೇಕು. ಕೋಳಿ ಕಣ್ಣು ಮುಚ್ಚುವ ಹಾಗಿದೆ ಅನ್ನಿಸಿದರೆ ಕತ್ತು ಕುಯ್ದು ಸಾರು ಮಾಡಿಬಿಡುತ್ತೇವಲ್ಲ, ನಷ್ಟ ಯಾಕೆ ಅಂತ? ಚೆನ್ನಾಗಿ ಬೆಂದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಕೊಯ್ದು, ಗರಿ ಕಿತ್ತು, ಕರುಳು ತೆಗೆಯುವ ಕೈ ಯಾರದು? ನಿಮ್ಮದೇ. ಗರಿ, ಕರುಳು ಹೋಗುವುದು ತಿಪ್ಪೆಗೆ. ಅಲ್ಲಿಂದ ನಾಯಿ ಒಂದು ಮನೆಗೆ ಎಳೆಯುತ್ತದೆ, ಕಾಗೆ ಇನ್ನೊಂದು ಮನೆಗೆ. ಇನ್ನು ಗುಳಿಗೆ ತಿಂದ ಕೋಳಿಯಾದರೆ ಎಷ್ಟು ಬೇಯಿಸಿದರೂ ವಿಷ ವಿಷವೇ. ಆ ಅಜ್ಜಿ ಹುಂಜ ಸಾಯುವ ಮೊದಲೇ ಸಾರು ಮಾಡಿದ್ದರೆ ಅಂತ ನನಗೆ ಈಗಲೂ ಒಮ್ಮೊಮ್ಮೆ ನೆನಪಾಗಿ ಮೈ ಜುಮ್ ಅನ್ನುತ್ತದೆ.

ಒಂದೋ ಎರಡೋ ಸತ್ತಿದ್ದರೆ ಹೆಣವನ್ನು ಎಸೆಯಬೇಡಿ. ಕೈಗೆ ಕವರು ಹಾಕಿಕೊಂಡು ಎತ್ತಿ, ಎರಡು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಐಸ್ ಹಾಕಿದ ಡಬ್ಬದಲ್ಲಿಟ್ಟು ಅದೇ ದಿನ ಆಸ್ಪತ್ರೆಗೆ ತನ್ನಿ. ಫ್ರೀಜರಿನಲ್ಲಿ ಕಲ್ಲು ಮಾಡಬೇಡಿ, ಒಳಗಿನ ಅಂಗ ಎಲ್ಲಾ ಹಾಳಾಗಿ ನೋಡಲು ಏನೂ ಉಳಿಯುವುದಿಲ್ಲ. ಬೇಕಾದರೆ ನಾವು ಬೆಂಗಳೂರಿನ ಹೆಬ್ಬಾಳದ ಸಂಸ್ಥೆಗೆ ಕಳಿಸುತ್ತೇವೆ. ಉಳಿದವನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಬಾವಿ ಹತ್ತಿರ ಬೇಡ.

"ಮಾರಮ್ಮನಿಗೆ ಹರಕೆ ಹೊತ್ಕೊಂಡಿದ್ದ ಹುಂಜ ಡಾಕ್ಟ್ರೇ, ಅದೇ ಹೋಯ್ತು. ಅಮ್ಮನಿಗೆ ಕೋಪ ಬಂದಿದ್ಯಾ?"

ಅಮ್ಮನ ವಿಷಯ ನನಗೆ ಗೊತ್ತಾಗುವುದಿಲ್ಲ ಅಜ್ಜಿ. ಹರಕೆ ಹುಂಜವನ್ನು ಯಾರೂ ಕೊಯ್ಯುವುದಿಲ್ಲ, ಮಾರುವುದಿಲ್ಲ, ಹಾಗಾಗಿ ಅದು ಎಲ್ಲರ ಅಂಗಳ ಸುತ್ತುತ್ತದೆ, ಎಲ್ಲರ ತಿಪ್ಪೆ ಕೆದಕುತ್ತದೆ. ರೋಗ ಮೊದಲು ಅದಕ್ಕೇ ಹಿಡಿಯುವುದು. ಮುಂದಿನ ಹುಂಜ ಬಿಡುವಾಗ ಅರಿಶಿನ ಕುಂಕುಮದ ಜೊತೆ ಲಸಿಕೆಯನ್ನೂ ಹಾಕಿಸಿ ಬಿಡಿ. ಅಮ್ಮ ಬೇಡ ಅನ್ನಲಿಕ್ಕಿಲ್ಲ.

ಒಬ್ಬ ಹುಡುಗ ಕೇಳಿದ. ಅವರ ಮನೆಯ ಹುಂಜ ಕೊಕ್ಕರೆ ರೋಗದಲ್ಲಿ ಬದುಕಿ ಉಳಿದಿದೆ, ಆದರೆ ಕತ್ತು ಸೊಟ್ಟ, ಸರಿ ಹೋಗುತ್ತದಾ ಅಂತ. ಪೂರ್ತಿ ಹೋಗದೇ ಇರಬಹುದು ಕಣೋ. ನರಕ್ಕೆ ಆದ ಪೆಟ್ಟು ಅದು. ಆಳವಾದ ಡಬ್ಬದಲ್ಲಿ ಕಾಳು ಹಾಕು, ಗುರಿ ತಪ್ಪಿದರೂ ಕೊಕ್ಕಿಗೆ ಸಿಗುತ್ತದೆ. ಮುದ್ದೆ ಉಂಡೆ ಮಾಡಿ ಕೈಯಲ್ಲೇ ತಿನ್ನಿಸು. ಬೇರೆ ಕೋಳಿ ಜೊತೆ ಕೆಲವು ವಾರ ಬಿಡಬೇಡ. ಕೂಗುತ್ತದಾ ಅಂತ ಕೇಳಿದೆ. "ಕೂಗುತ್ತೆ, ಆದ್ರೆ ಗೋಡೆ ಕಡೆ ತಿರುಗಿ" ಅಂದ.

ಕೊನೆಯದಾಗಿ ಕೊಕ್ಕರೆ ರೋಗದ ಲಸಿಕೆ ಕೆಲಸ. ಮರಿಗೆ ಒಂದು ವಾರ ಆಗುವಾಗ ಕಣ್ಣಿಗೆ ಒಂದು ಹನಿ ಲಾಸೋಟಾ ಅನ್ನುವ ಲಸಿಕೆ, ನಾಲ್ಕು ವಾರಕ್ಕೆ ಇನ್ನೊಂದು ಸಲ, ಎಂಟರಿಂದ ಹತ್ತು ವಾರಕ್ಕೆ ರೆಕ್ಕೆ ಕೆಳಗೆ ಆರ್2ಬಿ. ಸೀಸೆಯೊಂದರಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಐಸ್ ಮೇಲೇ ಇರಬೇಕು. ಆರು ಕೋಳಿ ಇರುವವರು ಒಬ್ಬರೇ ಬಂದು ಕೇಳಿದರೆ ನಾನು ತೊಂಬತ್ನಾಲ್ಕು ಕೋಳಿಯ ಲಸಿಕೆ ಮೋರಿಗೆ ಸುರಿಯಬೇಕು, ಅದಕ್ಕೇ ನಾಳೆ ಬಾ ನಾಡಿದ್ದು ಬಾ ಅನ್ನುವುದು, ಬೈಕೊಬೇಡಿ. ಈ ಬೀದಿಯ ಲೆಕ್ಕ ಡೈರಿ ಕಾರ್ಯದರ್ಶಿ ಬರೆದುಕೊಂಡಿದ್ದಾರೆ, ನೂರಾ ಹನ್ನೆರಡು ಕೋಳಿ. ಮಂಗಳವಾರ ಬೆಳಕು ಹರಿಯುವ ಮೊದಲೇ ಐಸ್ ಡಬ್ಬ ಹಿಡಿದು ಬರುತ್ತೇವೆ. ಮಂಕಾಗಿರುವ ಕೋಳಿ ಇದ್ದರೆ ಅದಕ್ಕೆ ಹಾಕುವುದಿಲ್ಲ, ಮೊದಲೇ ಹೇಳಿ. ಹುಂಜ ಎಷ್ಟೇ ಕೂಗಲಿ, ನಾವು ಬರುವವರೆಗೆ ಗೂಡಿನ ಬಾಗಿಲು ತೆಗೆಯಬೇಡಿ. ಒಂದು ಸಲ ಹಿತ್ತಲಿಗೆ ಇಳಿದರೆ ಆಮೇಲೆ ಅದನ್ನು ಹಿಡಿಯಲು ನನ್ನ ಮೊಣಕಾಲಿಗೆ ಆಗುವುದಿಲ್ಲ.